ಹೊಸೂರಿನ ಹಳದಿ, ಹೊಸೂರಿನ ಕೆಂಪು

ಹೊಸೂರಿನಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಸುಮಾರು 40 ಕಿ.ಮೀ. ಚೆನ್ನೈನ ಚೆಪಾಕ್ ಮೈದಾನಕ್ಕೆ 300 ಕಿ.ಮೀ.ಗೂ ಹೆಚ್ಚು. ರೇಷನ್ ಕಾರ್ಡು, ಶಾಲೆಯ ಪರೀಕ್ಷೆ, ಬಸ್ಸಿನ ಬೋರ್ಡು, ಗೆಲ್ಲಿಸಿ ಕಳಿಸಿದ ಶಾಸಕ ಎಲ್ಲವೂ ಆ ದೂರದ ಚೆನ್ನೈನ ಲೆಕ್ಕಕ್ಕೆ. ಆಸ್ಪತ್ರೆ, ಮದುವೆ ಸೀರೆ, ಕೆಲಸ, ವಿಮಾನ ಎಲ್ಲಕ್ಕೂ ಹತ್ತಿರದ ಬೆಂಗಳೂರು. ಹಾಗಾದರೆ ಐಪಿಎಲ್ ಶುರುವಾದಾಗ ಈ ಊರು ಯಾರ ಕಡೆ?

ಎರಡೂ ಕಡೆ. ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಕೂತವರು ಊಹಿಸುವ ಹಾಗೆ ಭಾಷೆಯ ಗೆರೆಗೆ ಸರಿಯಾಗಿ ಇಬ್ಭಾಗವಾಗಿಯೂ ಅಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಧೋನಿಯ ಮೇಲಿನ ಪ್ರೀತಿಗೆ ಚೆನ್ನೈ ತಂಡದ ಹಳದಿ ಅಂಗಿ ತೊಡುತ್ತಾನೆ. ತಮಿಳು ಮೀಡಿಯಂನಲ್ಲಿ ಓದಿದವನು ಕೊಹ್ಲಿಗಾಗಿ ಬೆಂಗಳೂರಿನ ಆರ್‌ಸಿಬಿಯ ಕೆಂಪು ಅಂಗಿ ತೊಟ್ಟು ‘ಈ ಸಲ ಕಪ್ ನಮ್ದೇ’ ಎಂದು ಅಚ್ಚ ಕನ್ನಡದಲ್ಲಿ ಕೂಗುತ್ತಾನೆ. ತೆಲುಗು ಮನೆಮಾತಿನ ಅಣ್ಣತಮ್ಮಂದಿರು ಒಂದೇ ಟಿವಿಯ ಮುಂದೆ ಎದುರುಬದುರು ಕೂರುತ್ತಾರೆ. ವೀಕ್ಷಕ ವಿವರಣೆ ಯಾವ ಭಾಷೆಯಲ್ಲಿ ಇಡಬೇಕು ಎನ್ನುವುದೇ ಪಂದ್ಯಕ್ಕೂ ಮೊದಲಿನ ಪಂದ್ಯ. ಹಳದಿಯನ್ನೂ ಕೆಂಪನ್ನೂ ಪಕ್ಕಪಕ್ಕ ಹಿಡಿದರೆ ಕನ್ನಡದ ಬಾವುಟದ ಅರಿಶಿನ-ಕುಂಕುಮ ಆಗುತ್ತದೆ ಎನ್ನುವುದು ಕಾಕತಾಳೀಯವಷ್ಟೇ, ಆದರೂ ಈ ಊರಿನಲ್ಲಿ ಅದನ್ನು ನೋಡಿದಾಗ ಮನಸ್ಸಿಗೆ ಹಿತವಾಗುತ್ತದೆ.

ಈ ಊರನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೊಸೂರು ಸೀಮೆ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುರಚನೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಆಮೇಲೆ ಧರ್ಮಪುರಿ ಜಿಲ್ಲೆಗೆ ಸೇರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು. ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಶೂಲಗಿರಿ, ಅಂಚೆಟ್ಟಿಯ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಬದುಕುತ್ತಿವೆ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಬರೆದದ್ದು ತಮಿಳಿನಲ್ಲಿ. 2024ರಲ್ಲಿ ಕೃಷ್ಣಗಿರಿಯಿಂದ ಲೋಕಸಭೆಗೆ ಆರಿಸಿಹೋದ ಕೆ. ಗೋಪಿನಾಥ್ ಪ್ರಮಾಣವಚನ ತೆಗೆದುಕೊಂಡದ್ದು ತೆಲುಗಿನಲ್ಲಿ.

ಇದರ ಮೇಲೆ ಕಾರ್ಖಾನೆಗಳು ಬಂದವು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ, ಅಶೋಕ್ ಲೇಲ್ಯಾಂಡ್, 1980ರಿಂದ ಟಿವಿಎಸ್‌ನ ಮೊಪೆಡ್ಡು, ಆ ದಶಕದಲ್ಲೇ ಟೈಟನ್ ಗಡಿಯಾರ, ಈಚೆಗೆ ಟಾಟಾದ ಮೊಬೈಲ್ ಬಿಡಿಭಾಗಗಳು. ದುಡಿಯಲು ಬಂದವರು ಮೊದಲು ಸೇಲಂ, ಮದುರೆ ಕಡೆಯವರು. ಈಗ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನವರು. ಮೂರು ಭಾಷೆಯ ಊರು ಆರೇಳು ಭಾಷೆಯ ಊರಾಗಿದೆ. ಶಿಫ್ಟ್ ಮುಗಿಸಿ ಚಹಾ ಅಂಗಡಿಗೆ ಬಂದ ಇಬ್ಬರು ಅಪರಿಚಿತರಿಗೆ ಮಾತು ಶುರುಮಾಡಲು ಏನಿದೆ? ಒಬ್ಬನ ಊರು ಇನ್ನೊಬ್ಬನಿಗೆ ಗೊತ್ತಿಲ್ಲ, ಒಬ್ಬನ ಹಬ್ಬ ಇನ್ನೊಬ್ಬನಿಗಿಲ್ಲ. ‘ಸ್ಕೋರ್ ಎಷ್ಟಾಯ್ತು ಅಣ್ಣಾ?’ ಎಂಬ ಪ್ರಶ್ನೆಯಂತೂ ಯಾವ ಭಾಷೆಯಲ್ಲಿ ಕೇಳಿದರೂ ತಿಳಿಯುತ್ತದೆ, ಉತ್ತರ ಬೆರಳಲ್ಲಿ ತೋರಿಸಿದರೂ ನಡೆಯುತ್ತದೆ.

ನಾನು ಇಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಗಡಿಯ ಜನರಿಗೆ ಜಗಳಗಳೆಲ್ಲ ಹುಟ್ಟಿನಿಂದ ಬಂದವು: ಭಾಷೆ, ರಾಜ್ಯ, ನೀರು. ಅವುಗಳಲ್ಲಿ ಯಾವ ಕಡೆ ನಿಲ್ಲಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ಆಟದಲ್ಲಿ ಮಾತ್ರ ಪಕ್ಷವನ್ನು ಅವರೇ ಆರಿಸಿಕೊಳ್ಳುತ್ತಾರೆ. ಆರಿಸಿಕೊಂಡ ಪಕ್ಷಕ್ಕಾಗಿ ಗಂಟಲು ಹರಿಯುವಷ್ಟು ಜಗಳವಾಡಿ, ಮರುದಿನ ಅದೇ ಎದುರಾಳಿಯ ಜೊತೆ ಅದೇ ಕಂಪನಿ ಬಸ್ಸು ಹತ್ತಬಹುದು. ಅಭಿಮಾನ ಜನರನ್ನು ಒಂದುಗೂಡಿಸುವುದು ಎಲ್ಲರೂ ಒಂದೇ ತಂಡಕ್ಕೆ ಕೈತಟ್ಟುವುದರಿಂದ ಅಲ್ಲ, ಹೀಗೆ ಗಾಯವಾಗದ ಜಗಳವೊಂದನ್ನು ದಿನಾ ಆಡಲು ಬಿಡುವುದರಿಂದ.

ಜಗಳ ಹೊಸದೇನೂ ಅಲ್ಲ. ಟ್ರಾನ್ಸಿಸ್ಟರ್ ಕಾಲದಲ್ಲಿ ಬೆಂಗಳೂರು-ಮದ್ರಾಸು ರಸ್ತೆಯ ಉದ್ದಕ್ಕೂ ಒಂದು ದೊಡ್ಡ ತಕರಾರಿತ್ತು: ಪ್ರಸನ್ನನೋ, ವೆಂಕಟರಾಘವನೋ? ಇಬ್ಬರೂ ಆಫ್ ಸ್ಪಿನ್ನರ್‌ಗಳು, ಇಬ್ಬರೂ ಎಂಜಿನಿಯರಿಂಗ್ ಓದಿದವರು, ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ಗಿಂಡಿಯಲ್ಲಿ. ಭಾರತ ತಂಡದಲ್ಲಿ ಎಷ್ಟೋ ಸಲ ಜಾಗ ಇದ್ದದ್ದು ಒಬ್ಬರಿಗೇ. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ಪ್ರವಾಸಗಳಲ್ಲಿ ವೆಂಕಟ್ ಉಪನಾಯಕರಾಗಿದ್ದರು. ಬೆಂಗಳೂರಿನವರಿಗೆ ಅದು ಅನ್ಯಾಯ, ಮದ್ರಾಸಿನವರಿಗೆ ಅದೇ ನ್ಯಾಯ. ಎರಡೂ ಊರುಗಳ ನಡುವೆ ಕೂತ ಹೊಸೂರು-ಕೃಷ್ಣಗಿರಿಯಂಥ ಕಡೆ ಈ ವಾದ ಒಂದೇ ಜಗಲಿಯ ಮೇಲೆ ನಡೆಯಬಹುದಾಗಿತ್ತು.

ಆದರೆ ಆ ಕಾಲದ ನೆನಪುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ತಕರಾರಿಲ್ಲದ ಒಂದು ದಿನ. 1974ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆಯಿತು. ವೆಸ್ಟ್ ಇಂಡೀಸಿನ ಗ್ರೀನಿಜ್, ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಭಾರತ ದಯನೀಯವಾಗಿ ಸೋತಿತು. ಅದೇ ಸರಣಿಯ ನಾಲ್ಕನೇ ಟೆಸ್ಟ್ 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ. ಆ್ಯಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದ. ಭಾರತ 190ಕ್ಕೆ ಮುಗಿಯಿತು, ಅದರಲ್ಲಿ 97 ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರದು, ಔಟಾಗದೆ. ಮೂರು ರನ್ ಕಡಿಮೆಯಾಗಿ ಶತಕ ತಪ್ಪಿತು, ಭಾರತ 100 ರನ್‌ಗಳಿಂದ ಗೆದ್ದಿತು. ಆ ಇನ್ನಿಂಗ್ಸನ್ನು ಮದ್ರಾಸಿನವರು ಇವತ್ತಿಗೂ ತಮ್ಮದೆಂದೇ ಹೇಳಿಕೊಳ್ಳುತ್ತಾರೆ. ಅದೇ ಚೆಪಾಕ್ 1999ರ ಜನವರಿ 31ರಂದು, ತೆಂಡೂಲ್ಕರ್ 136 ಹೊಡೆದೂ ಭಾರತ 12 ರನ್‌ಗಳಿಂದ ಸೋತಾಗ, ಗೆದ್ದ ಪಾಕಿಸ್ತಾನ ತಂಡಕ್ಕೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಆಟ ನೋಡುವುದನ್ನು ಕಲಿತ ಜನ ಎಂದರೆ ಇವರು.

‘ನಾವು ಗೆದ್ದೆವು’ ಎಂದು ಹೇಳುವ ಅಭಿಮಾನಿ ಬ್ಯಾಟು ಮುಟ್ಟಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಇದನ್ನೇ ಅಧ್ಯಯನ ಮಾಡಿ ಪ್ರಕಟಿಸಿದರು. ಕಾಲೇಜು ತಂಡ ಗೆದ್ದ ಮೇಲಿನ ಸೋಮವಾರ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಅಂಗಿಗಳನ್ನು ಹೆಚ್ಚು ತೊಡುತ್ತಿದ್ದರು. ಗೆಲುವಿನ ಬಗ್ಗೆ ಕೇಳಿದರೆ ‘ನಾವು’ ಎನ್ನುತ್ತಿದ್ದರು, ಸೋಲಿನ ಬಗ್ಗೆ ಕೇಳಿದರೆ ‘ಅವರು’ ಎಂದು ದೂರ ಸರಿಯುತ್ತಿದ್ದರು. ಅಧ್ಯಯನ ಒಳ್ಳೆಯದೇ. ಆದರೆ ಅದರಿಂದ ಆರ್‌ಸಿಬಿ ಅಭಿಮಾನಿಯನ್ನು ಅರ್ಥಮಾಡಿಕೊಳ್ಳಲು ಆಗುವುದಿಲ್ಲ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊತ್ತಮೊದಲ ಪಂದ್ಯದಲ್ಲೇ ತನ್ನ ಮನೆಯಂಗಳದಲ್ಲಿ 82ಕ್ಕೆ ಉರುಳಿದ ತಂಡವಿದು. 2009, 2011, 2016ರ ಫೈನಲ್‌ಗಳಲ್ಲಿ ಸೋತ ತಂಡ. ಅದರಲ್ಲೂ 2011ರ ಸೋಲು ಚೆಪಾಕ್‌ನಲ್ಲಿ, ಚೆನ್ನೈ ತಂಡದ ಎದುರೇ. ಹೊಸೂರಿನಲ್ಲಿ ಕೆಂಪು ಅಂಗಿಯವರಿಗೆ ಹಳದಿ ಅಂಗಿಯವರ ಐದು ಕಪ್ಪುಗಳ ಲೆಕ್ಕವನ್ನು ದಿನಾ ಕೇಳಿಸಿಕೊಳ್ಳಬೇಕಿತ್ತು. ಅವರು ‘ಅವರು ಸೋತರು’ ಎನ್ನಲಿಲ್ಲ. ವರ್ಷಾ ವರ್ಷಾ ‘ನಾವು ಸೋತೆವು, ಈ ಸಲ ನೋಡಿ’ ಎಂದರು.

ಇದಕ್ಕೆ ಹತ್ತಿರದ ಕಥೆ ಬೇಸ್‌ಬಾಲ್‌ನಲ್ಲಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆ ಹೊಸೂರಿನಂತೆಯೇ ಹೊರಗಿನಿಂದ ಬಂದವರ ನೆಲ. ಇಟಲಿಯವರು, ಐರಿಷರು, ಯಹೂದ್ಯರು, ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನರು, ಬಂದರಿನಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು. ಅವರೆಲ್ಲರಿಗೂ ಸೇರಿದ ತಂಡ ಡಾಡ್ಜರ್ಸ್. 1941, 1947, 1949, 1952, 1953ರಲ್ಲಿ ಅದು ವರ್ಲ್ಡ್ ಸೀರೀಸ್ ಎಂಬ ಫೈನಲ್ ತಲುಪಿ, ಪ್ರತಿ ಸಲವೂ ಅದೇ ನಗರದ ಶ್ರೀಮಂತ ತಂಡ ಯಾಂಕೀಸ್‌ಗೆ ಸೋತಿತು. ‘ಮುಂದಿನ ವರ್ಷ ನೋಡೋಣ’ ಎನ್ನುವುದು ಅಲ್ಲಿನ ಜನರ ಬಾಯಿಮಾತಾಯಿತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಇದೇ ತಂಡದ ಅಂಗಿ ತೊಟ್ಟು ಮೈದಾನಕ್ಕಿಳಿದಾಗ, ದೊಡ್ಡ ಲೀಗ್‌ಗಳಲ್ಲಿ ಹಲವು ದಶಕಗಳಿಂದಿದ್ದ ವರ್ಣಭೇದದ ಗೋಡೆ ಬಿತ್ತು. ಬಿಳಿಯ ಹುಡುಗರು ಕಪ್ಪು ಆಟಗಾರನ ಹೆಸರು ಕೂಗಲು ಕಲಿತರು. 1955ರಲ್ಲಿ ಕೊನೆಗೂ ಕಪ್ ಬಂತು. ಎರಡೇ ವರ್ಷಗಳ ನಂತರ ಮಾಲೀಕರು ತಂಡವನ್ನೇ ಲಾಸ್ ಏಂಜಲೀಸಿಗೆ ಒಯ್ದರು, ಬ್ರೂಕ್ಲಿನ್ ಆ ಗಾಯವನ್ನು ಮರೆಯಲಿಲ್ಲ. ಜೊತೆಗೆ ಕಾದವರ ನಡುವೆ ಬೆಳೆಯುವ ಸಂಬಂಧ ಜೊತೆಗೆ ಗೆದ್ದವರ ಸಂಬಂಧಕ್ಕಿಂತ ಗಟ್ಟಿ ಎಂದು ನಾನು ನಂಬುವುದು ಇದಕ್ಕೇ.

ಆರ್‌ಸಿಬಿಯ ಕಾಯುವಿಕೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ, ಪಂಜಾಬ್ ವಿರುದ್ಧ 6 ರನ್‌ಗಳ ಗೆಲುವಿನೊಂದಿಗೆ ಮುಗಿಯಿತು. ಅದಕ್ಕೆ ಮೊದಲು, ಮಾರ್ಚ್ 28ರಂದು, 2008ರ ನಂತರ ಮೊದಲ ಬಾರಿಗೆ ಚೆಪಾಕ್‌ನಲ್ಲಿ ಚೆನ್ನೈಯನ್ನು ಸೋಲಿಸಿತ್ತು. ಆಗ ಆರ್‌ಸಿಬಿಯ ಬ್ಯಾಟಿಂಗ್ ಕೋಚ್ ಚೆನ್ನೈನ ದಿನೇಶ್ ಕಾರ್ತಿಕ್. 2021ರಲ್ಲಿ ಚೆನ್ನೈ ಕಪ್ ಎತ್ತಿದಾಗ ಫೈನಲ್‌ನಲ್ಲಿ ಆಡಿದವರಲ್ಲಿ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಇದ್ದರು. ಆಟಗಾರರೇ ಗಡಿ ದಾಟಿ ಓಡಾಡುವಾಗ ಅಭಿಮಾನಿಗೆ ಎಂಥ ಚೆಕ್‌ಪೋಸ್ಟು?

ಚೆಕ್‌ಪೋಸ್ಟ್ ನಿಜಕ್ಕೂ ಮುಚ್ಚಿದ ದಿನಗಳೂ ಇವೆ. ಕಾವೇರಿ ತಮಿಳುನಾಡಿಗೆ ಎಷ್ಟು ಟಿಎಂಸಿ ಹರಿಯಿತೆಂದು ಅಳೆಯುವ ಬಿಳಿಗುಂಡ್ಲು ಇದೇ ಕೃಷ್ಣಗಿರಿ ಜಿಲ್ಲೆಯ ಗಡಿಯಲ್ಲಿದೆ. 1991ರ ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿಕೊಂಡಾಗ, 2016ರ ಸೆಪ್ಟೆಂಬರಿನಲ್ಲಿ ಮತ್ತೆ ಬಸ್ಸುಗಳು ಸುಟ್ಟಾಗ, ಹೊಡೆತ ಮೊದಲು ತಾಕಿದ್ದು ಈ ರಸ್ತೆಗೆ. ಎರಡೂ ರಾಜ್ಯಗಳ ಬಸ್ಸುಗಳು ಗಡಿಯಲ್ಲೇ ನಿಂತವು. ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು ಜನ ಅತ್ತಿಬೆಲೆಯಿಂದ ಜೂಜುವಾಡಿಗೆ ನಡೆದೇ ದಾಟಿದರು. 2018ರ ಏಪ್ರಿಲಿನಲ್ಲಿ ಕಾವೇರಿ ಆಟದ ಮೈದಾನಕ್ಕೇ ಬಂದಿತು. ಚೆಪಾಕ್‌ನಲ್ಲಿ ಚೆನ್ನೈ-ಕೋಲ್ಕತ್ತ ಪಂದ್ಯದ ದಿನ ಪ್ರತಿಭಟನೆ ನಡೆದು, ಮೈದಾನಕ್ಕೆ ಚಪ್ಪಲಿ ಬಿತ್ತು, ಚೆನ್ನೈ ತಂಡದ ಉಳಿದ ತವರು ಪಂದ್ಯಗಳು ಪುಣೆಗೆ ಹೋದವು. ಅಭಿಮಾನಿಗಳಿಗಾಗಿ ಚೆನ್ನೈನಿಂದ ಪುಣೆಗೆ ವಿಶೇಷ ರೈಲೊಂದು ಹೊರಟಿತು. ನೀರಿನ ಜಗಳಕ್ಕೆ ಕಾರಣಗಳಿವೆ, ರೈತನ ಹೊಲ ಎರಡೂ ಕಡೆ ಒಣಗುತ್ತದೆ. ಅದನ್ನು ಕ್ರಿಕೆಟ್ ಪಂದ್ಯ ಬಗೆಹರಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಗಲಾಟೆ ತಣ್ಣಗಾದ ಮೇಲೆ ಗಡಿಯ ಎರಡೂ ಬದಿಯವರು ಮತ್ತೆ ಮಾತು ಶುರುಮಾಡಲು ಯಾವುದಾದರೂ ವಿಷಯ ಬೇಕಲ್ಲ, ಅದನ್ನು ಆಟ ಕೊಡುತ್ತದೆ. ಇದೇನು ಸಣ್ಣ ಉಪಕಾರವಲ್ಲ.

ಕ್ರಿಕೆಟ್ಟಿಗಿಂತ ಹಳೆಯ ಅಭಿಮಾನವೊಂದು ಈ ಸೀಮೆಯಲ್ಲಿದೆ. ಸಂಕ್ರಾಂತಿ ಕಳೆದ ಮೇಲೆ ಕೃಷ್ಣಗಿರಿ ಜಿಲ್ಲೆಯ ಹಳ್ಳಿ ಹಳ್ಳಿಗಳಲ್ಲಿ ನಡೆಯುವ, ತಮಿಳಿನಲ್ಲಿ ‘ಎರುದು ವಿಡುಂ ವಿಳಾ’ ಎನ್ನುವ ಹೋರಿ ಬಿಡುವ ಹಬ್ಬ. ಮದುರೆ ಕಡೆಯ ಜಲ್ಲಿಕಟ್ಟಿನಂತೆ ಇಲ್ಲಿ ಹೋರಿಯ ಡುಬ್ಬ ಹಿಡಿದು ನೇತಾಡುವುದೇ ಗುರಿಯಲ್ಲ. ಕೆಲವೆಡೆ ಗೊತ್ತಾದ ದೂರವನ್ನು ಯಾವ ಹೋರಿ ಕಡಿಮೆ ಹೊತ್ತಿನಲ್ಲಿ ಓಡಿತು ಎಂದು ಲೆಕ್ಕ ಹಾಕುತ್ತಾರೆ. ಹೊಸೂರಿನ ಕಡೆ ಕೊಂಬುಗಳಿಗೆ ಬಣ್ಣಬಣ್ಣದ ತಟ್ಟಿ ಕಟ್ಟಿ, ಅದರಲ್ಲಿ ಬಹುಮಾನ ಇಟ್ಟು, ಜನರ ನಡುವಿನ ದಾರಿಯಲ್ಲಿ ಬಿಡುತ್ತಾರೆ. ಹುಡುಗರು ತಟ್ಟಿ ಕಿತ್ತುಕೊಳ್ಳಲು ಮುಗಿಬೀಳುತ್ತಾರೆ. ಹಾವೇರಿ, ಶಿಕಾರಿಪುರ ಕಡೆಯವರು ಇದನ್ನು ಓದುತ್ತಿದ್ದರೆ ಈಗಾಗಲೇ ನಗುತ್ತಿರುತ್ತಾರೆ. ದೀಪಾವಳಿ ಕಳೆದ ಮೇಲೆ ಅವರ ಹೋರಿ ಬೆದರಿಸುವ ಹಬ್ಬದಲ್ಲಿ ಕೊಂಬು-ಕೊರಳಿಗೆ ಕಟ್ಟುವ ಕೊಬ್ಬರಿ ಸರ ಹರಿಯುವ ಸಾಹಸವೂ ಇದೇ ಅಲ್ಲವೆ?

ಹೋರಿಗೆ ಹೆಸರು, ಹೆಸರಿಗೆ ಬ್ಯಾನರು, ಬ್ಯಾನರಿಗೆ ಅಭಿಮಾನಿ ಬಳಗ, ಬಳಗಕ್ಕೆ ಒಂದೇ ಬಣ್ಣದ ಟೀಶರ್ಟು. ನೂರಾರು ಹೋರಿಗಳು ಟೆಂಪೊ ಹತ್ತಿ ಬರುತ್ತವೆ, ಕರ್ನಾಟಕ ಮತ್ತು ಆಂಧ್ರದ ಹಳ್ಳಿಗಳಿಂದಲೂ. ಹಳ್ಳಿಕಾರ್ ತಳಿ ಯಾವ ಗೆರೆಯನ್ನೂ ಕೇಳಿದ್ದಲ್ಲ. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯ ಜಾತ್ರೆಯಲ್ಲಿ ಕೊಂಡ ಕರು ತಮಿಳುನಾಡಿನ ಕೊಟ್ಟಿಗೆಯಲ್ಲಿ ಬೆಳೆಯುತ್ತದೆ. ಹುರುಳಿ, ಹತ್ತಿಬೀಜ, ಮೊಟ್ಟೆ ತಿನ್ನಿಸಿ, ಈಜು ಕಲಿಸಿ, ಮಗನಿಗಿಂತ ಹೆಚ್ಚು ನೋಡಿಕೊಂಡ ಹೋರಿ ಬಯಲಿಗೆ ಇಳಿದಾಗ ಮನೆಯವರ ಎದೆಬಡಿತ ಹೇಗಿರುತ್ತದೆ? ಸ್ಪೇನಿನ ಸ್ಯಾನ್ ಪೆಡ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಕೊಂಡ ಹಾಯುವ ಹಬ್ಬದ ಮೇಲೆ ವಿಜ್ಞಾನಿಗಳು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸಮೀಪವಾಗಿದೆ. ಕೆಂಡ ತುಳಿಯುವವರ ಎದೆಬಡಿತಕ್ಕೂ ನೋಡುತ್ತ ಕೂತ ಅವರ ನೆಂಟರು-ಗೆಳೆಯರ ಎದೆಬಡಿತಕ್ಕೂ ಲಯ ಹೊಂದಿಕೊಂಡಿತ್ತು. ಪರವೂರಿನ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಕಣ್ಣಿಂದ ನೋಡಿದರೆ ಸಾಲದು, ನಮ್ಮವರೆಂಬ ಪ್ರೀತಿ ಇದ್ದರೇ ಮೈ ಜೊತೆಗೂಡುವುದು. ತಂಡವನ್ನೋ ಹೋರಿಯನ್ನೋ ‘ನಮ್ಮದು’ ಎಂದುಕೊಳ್ಳುವವನು ಆ ನಂಟಸ್ತಿಕೆಯನ್ನು ಹುಟ್ಟಿಲ್ಲದೆಯೇ ಪಡೆದುಕೊಳ್ಳುತ್ತಾನೆ.

ಹೋರಿಗಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಗಡಿಯ ಜನ ನೆನಪಿಡಬೇಕು. ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಮರೀನಾ ಕಡಲತೀರದಲ್ಲಿ ಯುವಜನರ ಮಹಾಧರಣಿ ನಡೆದು ತಮಿಳುನಾಡು ಕಾನೂನು ತಿದ್ದಿತು. ಬೆನ್ನಲ್ಲೇ ಕಂಬಳಕ್ಕಾಗಿ ಕರ್ನಾಟಕವೂ ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಎರಡೂ ರಾಜ್ಯಗಳ, ಜೊತೆಗೆ ಮಹಾರಾಷ್ಟ್ರದ ಕಾನೂನುಗಳನ್ನು ಒಂದೇ ತೀರ್ಪಿನಲ್ಲಿ ಎತ್ತಿಹಿಡಿಯಿತು. ಯಾವ ನ್ಯಾಯಾಲಯದಲ್ಲಿ ಕಾವೇರಿಗಾಗಿ ಕರ್ನಾಟಕ ಮತ್ತು ತಮಿಳುನಾಡು ದಶಕಗಳಿಂದ ಎದುರಾಳಿಗಳೋ, ಅದೇ ನ್ಯಾಯಾಲಯದಲ್ಲಿ ಹೋರಿ-ಕೋಣಗಳಿಗಾಗಿ ಪಕ್ಕಪಕ್ಕ ನಿಂತವು. ಪ್ರಾಣಿದಯೆಯವರ ಆಕ್ಷೇಪಗಳನ್ನು ನಾನು ಹಗುರಾಗಿ ಕಾಣುವುದಿಲ್ಲ. ಓಡಿ ದಣಿದ ಪಶುವಿಗೆ ನೋವಾಗದಂತೆ ನೋಡಿಕೊಳ್ಳುವುದು ಹಬ್ಬದ ಭಾಗವೇ ಆಗಬೇಕು.

ಆದರೆ ಅಭಿಮಾನಕ್ಕೆ ಜಾಗ ಸಾಲದೆ ಹೋದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಈ ಸೀಮೆ ಕಂಡಿದೆ. 2023ರ ಫೆಬ್ರುವರಿ 2ರಂದು ಹೊಸೂರು-ಕೃಷ್ಣಗಿರಿ ನಡುವಿನ ಗೋಪಸಂದ್ರದಲ್ಲಿ ಹೋರಿ ಹಬ್ಬಕ್ಕೆ ಅನುಮತಿ ತಡವಾಯಿತು. ಹೋರಿಗಳು ಬಂದು ನಿಂತಿದ್ದವು, ಜನ ಸೇರಿದ್ದರು. ಸಿಟ್ಟಿಗೆದ್ದ ಯುವಕರು ಬೆಂಗಳೂರು-ಚೆನ್ನೈ ಹೆದ್ದಾರಿಯನ್ನೇ ಗಂಟೆಗಟ್ಟಲೆ ತಡೆದರು, ವಾಹನಗಳ ಮೇಲೆ ಕಲ್ಲು ಬಿದ್ದವು. ಕಲ್ಲು ಎಸೆದದ್ದು ತಪ್ಪು. ಆದರೆ ಸಾವಿರಾರು ಜನ ಸೇರುವ ದಿನದ ಬೆಳಿಗ್ಗೆಯವರೆಗೂ ಅನುಮತಿ ಪತ್ರ ತೂಗಾಡುತ್ತಿದ್ದುದೂ ತಪ್ಪು.

2025ರ ಜೂನ್ 4ರದು ಅದಕ್ಕಿಂತ ಬಹಳ ದೊಡ್ಡ ದುಃಖ. ಹದಿನೆಂಟು ಸೀಸನ್ ಕಾದ ಜನ ಕಪ್ಪು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದತ್ತ ಬಂದರು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹೆಚ್ಚಿನವರು ಹರೆಯದವರು. ತಮಿಳುನಾಡಿನಿಂದ ಬಂದು ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಯುವತಿಯೊಬ್ಬರೂ ಅವರಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್ 27ರಂದು ಕರೂರಿನಲ್ಲಿ ನಟ ವಿಜಯ್ ಅವರ ರಾಜಕೀಯ ಸಭೆಯಲ್ಲಿ 41 ಜನ ಇದೇ ರೀತಿ ತೀರಿಕೊಂಡರು. ಪ್ರೀತಿ ತೋರಿಸಲು ಹೋದವರು ಅವರು, ಗಲಭೆಗೆ ಹೋದವರಲ್ಲ. ಇಂಥ ಸಾವುಗಳ ಮಾರನೆಯ ದಿನ ‘ಅಭಿಮಾನದ ಹುಚ್ಚು’ ಎಂದು ಬರೆಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಕೊರತೆ ಇದ್ದದ್ದು ಹೋಗುವ ದಾರಿಯಲ್ಲಿ, ಗೇಟಿನಲ್ಲಿ, ಮುನ್ಸೂಚನೆಯಲ್ಲಿ, ಜನರಿಗೆ ಸಕಾಲಕ್ಕೆ ಸರಿಯಾದ ಮಾಹಿತಿ ಕೊಡುವುದರಲ್ಲಿ.

ಅದಕ್ಕೇ ಹೊಸೂರಿನ ಬಗ್ಗೆ ನನಗೊಂದು ಆಸೆ. 2019ರಲ್ಲಿ ಮಹಾನಗರ ಪಾಲಿಕೆಯಾದ, ಎರಡು ರಾಜ್ಯಗಳ ಕಾರ್ಖಾನೆ ದುಡಿಮೆ ಕೂಡುವ ಈ ಊರಿಗೆ ಒಂದು ಒಳ್ಳೆಯ ಕ್ರಿಕೆಟ್ ಮೈದಾನ ಬೇಕು. ಐಪಿಎಲ್ ಅಲ್ಲಿಗೆ ಬರಬೇಕೆಂದಲ್ಲ. 2015ರ ಮಾರ್ಚಿನಲ್ಲಿ ವಾಂಖೆಡೆಯಲ್ಲಿ ಕರುಣ್ ನಾಯರ್ ತಮಿಳುನಾಡಿನ ವಿರುದ್ಧ 328 ಹೊಡೆದ ರಣಜಿ ಫೈನಲ್ಲು, 2019ರ ಡಿಸೆಂಬರಿನಲ್ಲಿ ಸೂರತ್‌ನಲ್ಲಿ ಕರ್ನಾಟಕ ಒಂದೇ ರನ್ನಿನಿಂದ ಗೆದ್ದ ಮುಷ್ತಾಕ್ ಅಲಿ ಫೈನಲ್ಲು, 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ತಮಿಳುನಾಡಿನ ಆಟಗಾರ ಶಾರುಖ್ ಖಾನ್ ಕೊನೆಯ ಚೆಂಡಿಗೆ ಸಿಕ್ಸರ್ ಎತ್ತಿ ಆ ಬಾಕಿ ತೀರಿಸಿದ ಫೈನಲ್ಲು, ನೆರೆಹೊರೆಯ ಈ ಮೂರೂ ಪೈಪೋಟಿಗಳು ನಡೆದದ್ದು ಪರರ ಅಂಗಳದಲ್ಲಿ. ಎರಡೂ ರಾಜ್ಯಗಳ ಕ್ರಿಕೆಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ತಮ್ಮ ಹತ್ತೊಂಬತ್ತರೊಳಗಿನ ಹುಡುಗರ ಮತ್ತು ಹುಡುಗಿಯರ ತಂಡಗಳನ್ನು ಹೊಸೂರಿಗೆ ಕಳಿಸಲಿ. 2025ರ ಆಗಸ್ಟಿನಿಂದ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದಿದೆ, ಬೆಂಗಳೂರಿನವರು ಅಲ್ಲಿಂದ ಬಸ್ಸು ಹತ್ತಿದರೆ ಆಯಿತು. ಧ್ವನಿವರ್ಧಕದಲ್ಲಿ ಸ್ಕೋರು ತಮಿಳಿನಲ್ಲೂ ತೆಲುಗಿನಲ್ಲೂ ಕನ್ನಡದಲ್ಲೂ ಬರಲಿ. ಗೇಟುಗಳು ಅಗಲವಾಗಿರಲಿ, ಟಿಕೆಟ್ಟಿಗೆ ದುಡ್ಡು ಬೇಡ, ಪಂದ್ಯದ ದಿನ ಕಾರ್ಖಾನೆಗಳು ಒಂದು ಶಿಫ್ಟಿನವರನ್ನಾದರೂ ಬೇಗ ಬಿಡಲಿ.